ಕಂಬ ಮುಟ್ಟಿ ಹೇಳು

ತಿಪ್ಪೇಶ್ ಎರಡೂ ಕೈ ಅಗಲಿಸಿ ವಿಮಾನಕ್ಕೆ ಅಡ್ಡ ನಿಂತುಬಿಟ್ಟ.

“ನಿಲ್ರೀ! ಒಂದ್ ಹೆಜ್ಜೆನೂ ಮುಂದೆ ಬರಬ್ಯಾಡ್ರಿ. ಮ್ಯಾಲೆ ನೋಡ್ರಿ ಒಂದಿಷ್ಟು.”

ಭಜನೆ ನಿಂತಿತು. ಹೆಗಲು ಕೊಟ್ಟವರು ಕತ್ತೆತ್ತಿದರು. ಬಿದಿರು, ಬಾಳೆದಿಂಡು, ಚೆಂಡುಹೂವಿನಿಂದ ಕಟ್ಟಿದ ವಿಮಾನದೊಳಗೆ ಸತ್ತ ಹಾಲಸ್ವಾಮಿ ಹಣೆತುಂಬ ವಿಭೂತಿ ಬಳಿಸಿಕೊಂಡು ಕುಳಿತಿದ್ದ. ವಿಮಾನದ ತುದಿಯ ಕಳಸಕ್ಕೂ ಓಣಿಗೆ ಅಡ್ಡಲಾಗಿ ಹಾದುಹೋಗಿದ್ದ ದೊಡ್ಡ ಲೈನಿನ ತಂತಿಗೂ ನಡುವೆ ಒಂದು ಗೇಣೂ ಉಳಿದಿರಲಿಲ್ಲ. ಚುನಾವಣೆಗೊಮ್ಮೆ ಕಾಂಕ್ರೀಟು ಸುರಿದು ಸುರಿದು ನ್ಯಾಮತಿಯ ಆ ಓಣಿಯ ರಸ್ತೆ ಮೇಲೇರಿತ್ತು. ತಂತಿಯನ್ನು ಎತ್ತಿ ಕಟ್ಟುವುದು ಯಾರ ಕೆಲಸವೂ ಆಗಿರಲಿಲ್ಲ.

“ಕಳಸ ಇಳಿಸಿ ದಾಟ್ಸಿದ್ರಾತು ಬಿಡ್ರಿ,” ಎಂದ ಯಾರೋ.

“ಇಟ್ಟ ಕಳಸ ಕುಣಿ ಮುಟ್ಟಾವರೆಗೂ ತೆಗಿಯಂಗಿಲ್ಲ,” ಎಂದರು ಅಯ್ಯನೋರು. “ಹೊತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕು. ನೋಡ್ರಿ ಏನ್ಮಾಡ್ತೀರೋ.”

ಸತ್ತವನ ತಮ್ಮ ಗುರುಬಸವರಾಜ್ ಮುಖದ ಬೆವರೊರೆಸಿಕೊಂಡ. “ಅಲ್ಲೋ ತಿಪ್ಪೇಶ, ನೀನೇ ಲೈನ್‌ಮ್ಯಾನು. ಕರೆಂಟ್ ತೆಗೆಸಾಕೆ ನಿಂಗೆ ಪಂಚಾಂಗ ಬೇಕಾ?”

“ಎಲ್‌ಸಿ ಹಾಕೀನಿ ಗುರಣ್ಣ. ನಂಬರ್ ಬರ್ಲಿ.”

ಎಲ್‌ಸಿ ಎಂದರೆ ಲೈನ್ ಕ್ಲಿಯರ್, ಲೈನಿನ ಕರೆಂಟು ತೆಗೆಸುವ ಅಪ್ಪಣೆ. ಮೊದಲಾದರೆ ಕರೆಂಟಿನ ಸ್ಟೇಷನ್ನಿಗೆ ಫೋನು ಹಚ್ಚಿ “ತೆಗಿಯಪ್ಪ” ಅಂದರೆ ಮುಗಿಯುತ್ತಿತ್ತು. ಎಲ್ಲೋ ಒಬ್ಬ ಕಂಬದ ಮೇಲೆಯೇ ಸುಟ್ಟುಹೋದ ಮೇಲೆ ಹೊಸ ಕಾನೂನು ಬಂತು. ಮೊಬೈಲಿನಲ್ಲಿ ಕೇಳಬೇಕು, ಮೊಬೈಲಿಗೆ ನಂಬರ್ ಬರಬೇಕು. ನಂಬರಿಲ್ಲದೆ ಸ್ಟೇಷನ್ನಿನವರು ಸ್ವಿಚ್ಚು ಮುಟ್ಟುವುದಿಲ್ಲ.

ನಂಬರ್ ಬರಲಿಲ್ಲ. ಹೆಗಲು ಬದಲಾದವು. ಹಿಟ್ಟಿನ ಗಿರಣಿಯವನು ಕಟ್ಟೆಯ ಮೇಲೆ ಕುಕ್ಕರಿಸಿ ಬೀಡಿ ಹಚ್ಚಿದ.

“ಬದುಕಿದ್ದಾಗ್ಲೂ ಕಾಯಿಸ್ದ, ಸತ್ತ ಮ್ಯಾಲೂ ಕಾಯಿಸ್ತಾನೆ ನೋಡ್ರಿ ಕಂಬ ಮುಟ್ಸೋ ಸಾಮಿ.”

ನಾಲ್ಕೈದು ಜನ ನಕ್ಕರು. ತಿಪ್ಪೇಶನಿಗೂ ನಗು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು.

*

ಚನ್ನಗಿರಿಯ ಕರೆಂಟ್ ಆಫೀಸಿನ ಹಿಂಬದಿ ಕೋಣೆಯಲ್ಲಿ ಹಾಲಸ್ವಾಮಿಯ ಮುಂದೆ ಎರಡು ಕಂಪ್ಯೂಟರುಗಳಿದ್ದವು. ಒಂದರಲ್ಲಿ ಬಿಲ್ಲಿನ ಸಾಫ್ಟ್‌ವೇರು, ಇನ್ನೊಂದರಲ್ಲಿ ಲೈನಿನದು. ಮಾಡಿಕೊಟ್ಟ ಕಂಪನಿಗಳು ಬೇರೆ ಬೇರೆ. ಮಾಹಿತಿ ಕೊಟ್ಟು ತಗೊಳ್ಳಲು ಇವರದೊಂದು ಸ್ಟ್ಯಾಂಡರ್ಡು, ಅವರದೊಂದು. ತಮ್ಮದೇ ಸರಿ ಎಂದು ಇಬ್ಬರದೂ ಹಟ. ಈ ದೊಡ್ಡವರ ಜಗಳದ ಸಂದಿನಲ್ಲಿ ಒಬ್ಬ ಮನುಷ್ಯನನ್ನು ಕುರ್ಚಿ ಹಾಕಿ ಕೂರಿಸಿಬಿಟ್ಟಿದ್ದರು.

“ಹಂಗಂದ್ರೇನ್ರಿ ಸ್ಟ್ಯಾಂಡರ್ಡು?” ಎಂದು ತಿಪ್ಪೇಶ್ ಒಮ್ಮೆ ಕೇಳಿದ್ದ.

“ಸಂತೇಬೆನ್ನೂರು ಸಂತ್ಯಾಗೆ ಒಬ್ಬ ಸೇರಿನಾಗೆ ಅಳೀತಾನೆ, ಇನ್ನೊಬ್ಬ ಕೆಜಿಯಾಗೆ ತೂಗ್ತಾನೆ ಅನ್ಕ. ಇಬ್ರೂ ಸುಳ್ಳು ಹೇಳ್ತಿಲ್ಲ. ಆದ್ರೆ ಇವನ ಚೀಲ ಅವನಿಗೆ ಹೋಗ್ಬೇಕಂದ್ರೆ ನಡುವೆ ನಾನೊಬ್ಬ ಕುಂತು ಸುರಿದು ಸುರಿದು ಅಳೀಬೇಕು.”

ಮೀಟಿಂಗು ಮುಗಿಸಿ ಬಂದ ಸಾಹೇಬರೆಲ್ಲ ಒಂದೇ ಮಾತು ಹೇಳುತ್ತಿದ್ದರು: “ಮುಂದಿನ ತಿಂಗಳು ಎರಡೂ ಒಂದಾಗ್ತವೆ ಹಾಲಸ್ವಾಮಿ.” ಸಾಹೇಬರು ವರ್ಗವಾಗಿ ಹೋದರು, ಮುಂದಿನ ತಿಂಗಳು ಮಾತ್ರ ಬರಲಿಲ್ಲ. ಅದು ಬಂದರೆ ತನ್ನ ಕೆಲಸವೇ ಹೋಗುತ್ತದೆಂಬುದು ಹಾಲಸ್ವಾಮಿಗೆ ಗೊತ್ತಿತ್ತು. ಆದರೂ ಬರಲಿ ಎಂದೇ ಕಾಯುತ್ತಿದ್ದ. ಅಷ್ಟು ದಣಿದಿದ್ದ.

ನ್ಯಾಮತಿ ಹೊನ್ನಾಳಿಯಿಂದ ಒಡೆದು ಬೇರೆ ತಾಲ್ಲೂಕಾದ ಮೇಲಂತೂ ಗೋಳು ಹೆಚ್ಚಾಯಿತು. ಒಂದು ಸಾಫ್ಟ್‌ವೇರು ಲೈನುಗಳ ಹೊಸ ಹೆಸರು ಬರೆದುಕೊಂಡರೆ ಇನ್ನೊಂದು ಹಳೆಯದಕ್ಕೇ ಜೋತುಬಿತ್ತು. ಜಗಳೂರಿನಿಂದ ಹೊನ್ನಾಳಿಯವರೆಗೆ ಎಲ್ಲಿ ಹೆಸರು ಹೊಂದದಿದ್ದರೂ ಅದು ಹಾಲಸ್ವಾಮಿಯ ಮೊಬೈಲಿಗೆ ಬಂದು ಬೀಳುತ್ತಿತ್ತು: ‘ಎರಡೂ ಒಂದೇನಾ?’ ಕೆಳಗೆ ‘ಹೌದು’, ‘ಅಲ್ಲ’. ಹೌದೆಂದರೆ ಹಳೆಯ ಹೆಸರಿನ ಲೈನಿನ ಕರೆಂಟು ತೆಗೆಯುತ್ತಿದ್ದರು, ಅಲ್ಲವೆಂದರೆ ಹೊಸ ಹೆಸರಿನದರದು.

ಹೌದು ಒತ್ತಿದರೆ ಮುಗಿಯಿತು. ಅವನು ಒತ್ತುತ್ತಿರಲಿಲ್ಲ. ಫೋನು ಮಾಡುತ್ತಿದ್ದ.

“ತಿಪ್ಪೇಶ, ಎಲ್ಲಿದೀಯ?”

“ಕಂಬದ ಹತ್ರಾನೇ ಇದೀನ್ರಿ.”

“ಚಾ ಗ್ಲಾಸಿನ ಸದ್ದು ಕೇಳ್ತೈತೆ. ಕಂಬಕ್ಕೆ ಯಾವಾಗಿಂದ ಚಾ ಕೊಡಾಕೆ ಹತ್ತಿದ್ರೋ?”

“ಅಯ್ಯೋ ಸಾರ್, ಗೊತ್ತಿರೋ ಲೈನು. ಒತ್ತಿಬಿಡ್ರಿ.”

“ಕಂಬ ಮುಟ್ಟಿ ಹೇಳು.”

ತಿಪ್ಪೇಶ್ ಬೈದುಕೊಂಡೇ ಬಿಸಿಲಲ್ಲಿ ನಡೆದುಹೋಗಿ ಕಂಬ ಮುಟ್ಟುತ್ತಿದ್ದ. ಅಷ್ಟು ಹೊತ್ತು ಅತ್ತ ಗಿರಣಿ ನಿಂತಿರುತ್ತಿತ್ತು, ಇತ್ತ ಜನ ಬಾಯಿಗೆ ಬಂದಂತೆ ಬೈಯುತ್ತಿದ್ದರು. ನೂರಕ್ಕೆ ತೊಂಬತ್ತು ಸಲ ಎರಡೂ ಒಂದೇ ಇರುತ್ತಿದ್ದವು. ನಿನ್ನೆ ಸಂಜೆ ಹಾಲಸ್ವಾಮಿ ಆ ಕುರ್ಚಿಯಲ್ಲೇ ತಲೆ ಒರಗಿಸಿದವನು ಮತ್ತೆ ಎತ್ತಲಿಲ್ಲ. ಕಸ ಗುಡಿಸಲು ಬಂದವಳು ನಿದ್ದೆ ಎಂದುಕೊಂಡು ಸುತ್ತ ಗುಡಿಸಿಕೊಂಡು ಹೋಗಿದ್ದಳು.

*

ಹೆಂಗಸರ ಗುಂಪಿನಲ್ಲಿ ಮೊಬೈಲೊಂದು ಗುಂಯ್ ಎಂದಿತು. ಹಾಲಸ್ವಾಮಿಯ ಮಗಳು ಶಿವಲೀಲಾ ಕೈಯಲ್ಲಿ ಹಿಡಿದಿದ್ದ ಅಪ್ಪನ ಫೋನು. ಅವಳು ನೋಡಿದಳು. ಮತ್ತೆ ನೋಡಿದಳು. ತಿಪ್ಪೇಶನ ಹತ್ತಿರ ಬಂದು ತೋರಿಸಿದಳು.

‘ಹೊನ್ನಾಳಿ ಮೂರು. ನ್ಯಾಮತಿ ಒಂದು. ಎರಡೂ ಒಂದೇನಾ?’

ಅವನು ಕೇಳಿದ್ದ ಎಲ್‌ಸಿ ಎಲ್ಲೆಲ್ಲೋ ಸುತ್ತಿ, ಹೊಂದದೆ, ವಿಮಾನದಲ್ಲಿ ಕುಳಿತವನ ಅಪ್ಪಣೆಗೇ ಬಂದು ನಿಂತಿತ್ತು.

“ಸತ್ತೋರನ್ನೂ ಬಿಡಂಗಿಲ್ಲೇನೇ ಅವು?” ಎಂದಳು ಶಿವಲೀಲಾಳ ತಾಯಿ ಕಸ್ತೂರಮ್ಮ. ಗಂಡನ ಮುಖ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು.

“ಹೌದು ಒತ್ತವ್ವಾ! ಹೊತ್ತು ಹೊಂಟೈತೆ,” ಗುರುಬಸವರಾಜ್ ಕೂಗಿದ.

ಹೆಗಲು ಮತ್ತೊಮ್ಮೆ ಬದಲಾದವು. ತಿಪ್ಪೇಶನಿಗೂ ಸಾಕಾಗಿತ್ತು. “ಒಂದೇ ಕಣವ್ವ. ಮೊದ್ಲಿಂದ್ಲೂ ಇದು ಹೊನ್ನಾಳಿ ಮೂರೇ. ಒತ್ತು.”

ಶಿವಲೀಲಾಳ ಬೆರಳು ಮೇಲಕ್ಕೆ ಬಂದು ನಿಂತಿತು.

“ತಿಪ್ಪೇಶಣ್ಣ, ಕಂಬ ಮುಟ್ಟಿ ಹೇಳ್ತೀಯಾ?”

ಆ ದನಿಯಲ್ಲಿ ಅನುಮಾನವಿರಲಿಲ್ಲ. ಉಣ್ಣುವಾಗ, ಮಲಗುವಾಗ ಮನೆಯಲ್ಲಿ ಅಪ್ಪ ಫೋನಿಗೆ ದಿನಾ ಅನ್ನುತ್ತಿದ್ದುದನ್ನೇ ಅವಳು ಕೇಳಿದ್ದಳು, ಅಷ್ಟೆ. ತಿಪ್ಪೇಶ್ ತಿರುಗಿ ಕಂಬದ ಕಡೆ ನಡೆದ.

“ಇದೊಂದು ಬಾಕಿ ಇತ್ತು!” ಬೆನ್ನ ಹಿಂದೆ ಗಿರಣಿಯವನ ದನಿ ಕೇಳಿತು.

ಓಣಿಯ ತಿರುವಿನಾಚೆ ಕಂಬವಿತ್ತು. ಮೈಮೇಲೆ ಬಣ್ಣದಲ್ಲಿ ಬರೆದ ‘ಹೊನ್ನಾಳಿ ೩’ ಅಚ್ಚಳಿಯದೆ ಉಳಿದಿತ್ತು. ಅಂಗೈ ಊರಿ ಕತ್ತೆತ್ತಿದ. ಹೊನ್ನಾಳಿ ಕಡೆಯಿಂದ ಬಂದ ತಂತಿ ಕಂಬದವರೆಗೆ ಬಂದು ಅಲ್ಲೇ ನಿಂತಿತ್ತು. ಮುಂದಿನ ತಂತಿಗೆ ಜೋಡಿಸುವ ತುಂಡನ್ನು ಕತ್ತರಿಸಿ ಹಿಂದಕ್ಕೆ ಕಟ್ಟಿದ್ದರು. ಓಣಿಯ ತಂತಿಗೆ ಆಚೆ ಬದಿಯಿಂದ ಹೊಳೆಯುವ ಹೊಸ ತುಂಡು ಕೂಡಿಸಿದ್ದರು. ಬೇರೆ ಗ್ಯಾಂಗಿನವರು ಮಾಡಿ ಹೋದ ಕೆಲಸ. ಬಿಲ್ಲಿನ ಸಾಫ್ಟ್‌ವೇರಿಗೆ ಹೇಳಿದ್ದರು, ಲೈನಿನದಕ್ಕೆ ಹೇಳಿರಲಿಲ್ಲ.

ಹೌದು ಒತ್ತಿದ್ದರೆ ಸ್ಟೇಷನ್ನಿನಲ್ಲಿ ಹೊನ್ನಾಳಿ ಮೂರು ಸಾಯುತ್ತಿತ್ತು. “ಕರೆಂಟ್ ಹೋತು, ನಡೀರಿ” ಎಂದ ಕೂಡಲೇ, ತಂತಿಗೆ ಕೋಲು ಮುಟ್ಟಿಸಿ ನೋಡುವ ಮೊದಲೇ ಜನ ನುಗ್ಗುತ್ತಿದ್ದರು. ಹಸಿ ಬಾಳೆದಿಂಡು, ನೀರು ಚಿಮುಕಿಸಿದ ಹೂವು, ಕೆಳಗೆ ಬರಿಗಾಲಲ್ಲಿ ಹೆಗಲು ಕೊಟ್ಟವರು, ಮೇಲೆ ಜೀವಂತ ತಂತಿ.

ತಿಪ್ಪೇಶ್ ಕಂಬದ ಮೇಲಿಟ್ಟ ಅಂಗೈ ತೆಗೆಯಲಿಲ್ಲ. ಜೇಬಿನಲ್ಲಿ ಫೋನು ಬಡಿದುಕೊಂಡಿತು. ‘ಹಾಲಸ್ವಾಮಿ ಸಾರ್’ ಎಂದು ಬರುತ್ತಿತ್ತು.

“ಅಣ್ಣ, ಮುಟ್ಟಿದೆಯಾ?” ಶಿವಲೀಲಾ.

“ಮುಟ್ಕೊಂಡೇ ಇದೀನವ್ವ. ‘ಅಲ್ಲ’ ಅನ್ನೋದು ಒತ್ತು. ಅಲ್ಲ. ಇದು ಈಗ ನ್ಯಾಮತಿ ಒಂದರ ಲೈನು.”

ಅರೆಗಳಿಗೆಯಲ್ಲಿ ನಂಬರ್ ಬಂತು. ಹಿಂದೆಯೇ ಸ್ಟೇಷನ್ನಿನ ರೇಣುಕಪ್ರಸಾದ್ ಫೋನು ಮಾಡಿದ. “ನ್ಯಾಮತಿ ಒಂದು ತೆಗ್ದೀನೋ. ಅಲ್ಲಾ… ಒಪ್ಪಿಗೆ ಹಾಲಸ್ವಾಮಿ ಹೆಸ್ರಾಗೇ ಬಂದೈತಲ್ಲೋ?”

“ಹೂಂ. ಅವ್ರೇ ಕೊಟ್ರು.”

ತಿಪ್ಪೇಶ್ ಓಣಿಗೆ ಮರಳಿ, ಕರೆಂಟಿದ್ದರೆ ಕೂಗುವ ಉದ್ದನೆಯ ಕೋಲನ್ನು ತಂತಿಗೆ ಮುಟ್ಟಿಸಿ ನೋಡಿದ. ಸದ್ದಿಲ್ಲ. ತಪ್ಪಿ ಬಂದ ಕರೆಂಟನ್ನೂ ನೆಲಕ್ಕಿಳಿಸುವ ಅರ್ಥಿಂಗ್ ಸರಪಳಿ ತಗುಲಿಹಾಕಿ ಕೈ ಬೀಸಿದ. ಭಜನೆ ಎದ್ದಿತು. ಕಳಸ ತಂತಿಯನ್ನು ಸವರಿಕೊಂಡು ದಾಟಿತು. ಹಾಲಸ್ವಾಮಿ ಯಾವ ಅವಸರವೂ ಇಲ್ಲದೆ, ತೂಗಾಡುತ್ತ, ತಂತಿಯ ಕೆಳಗಿಂದ ಹೋದ.

ಹೆಗಲು ಕೊಡಲು ತಿಪ್ಪೇಶನನ್ನು ಯಾರೂ ಕರೆಯಲಿಲ್ಲ. ಕರೆಯುತ್ತಾರೆಂದು ಊರಾಚೆಯ ಅವನ ಕೇರಿಯವರು ಯಾರೂ ಯಾವತ್ತೂ ಕಾದವರಲ್ಲ. ಕೊನೆಯ ಹೆಂಗಸು ದಾಟುವವರೆಗೆ ಸರಪಳಿಯ ಬಳಿಯೇ ನಿಂತ.

“ಆತಲ್ಲಪ್ಪ, ಕರೆಂಟ್ ಬಿಡ್ಸಿನ್ನ,” ಎಂದು ಗಿರಣಿಯವನು ಬೀಡಿ ಹೊಸಕಿ ಎದ್ದ.

ಸರಪಳಿ ಬಿಚ್ಚಿ, ಮೊಬೈಲಿನಲ್ಲಿ ಎಲ್‌ಸಿ ವಾಪಸು ಕೊಟ್ಟ. ಗಿರಣಿ ಗರ್ರೆಂದು ಶುರುವಾಯಿತು. ಹೊಲದ ಕಡೆಯಿಂದ ಕೇಳುತ್ತಿದ್ದ ಭಜನೆ ಅದರೊಳಗೆ ಮುಳುಗಿಹೋಯಿತು.

ತಿಪ್ಪೇಶ್ ಕತ್ತೆತ್ತಿ ನೋಡಿದ. ವಿಮಾನದಿಂದ ಕಿತ್ತುಬಂದ ಚೆಂಡುಹೂವಿನ ಎಳೆಯೊಂದು ತಂತಿಗೆ ಸಿಕ್ಕಿಕೊಂಡು ಸಂಜೆಗಾಳಿಗೆ ತೂಗುತ್ತಿತ್ತು. ತಂತಿಯಲ್ಲಿ ಈಗ ಜೀವ ಹರಿಯುತ್ತಿತ್ತು. ಅದನ್ನು ತೆಗೆಯಬೇಕೆಂದರೆ ಮತ್ತೆ ಎಲ್‌ಸಿ ಹಾಕಬೇಕಿತ್ತು.