ಎದೆಗೆ ಹೋದ ಕೈ

ಒಂದು ಗುಟುಕು ನೀರು ಕುಡಿಯಬೇಕಾದರೂ ಬಸವಪ್ರಭುವಿನ ಬಲಗೈ ಮೊದಲು ಎದೆಗೆ ಹೋಗುತ್ತಿತ್ತು. ಅಂಗಿಯೊಳಗೆ, ಶಿವದಾರದ ತುದಿಗೆ, ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ. ಚಿಕ್ಕವನಿದ್ದಾಗ ದೀಕ್ಷೆಯಾದ ದಿನ ಅಜ್ಜಿ ಪಾರವ್ವ ಆ ದಾರವನ್ನು ತಾನೇ ಹೊಸೆದು, "ಮೊದಲ ಇದಕ್ಕ ಕೊಡು, ಆಮ್ಯಾಲೆ ನೀ ತಗೋ" ಎಂದಿದ್ದಳು. ನಸುಕಿನಲ್ಲಿ ಅವಳು ವಚನ ಹೇಳುತ್ತಿದ್ದರೆ ಮಗ್ಗುಲಲ್ಲಿ ಮಲಗಿ ಕೇಳಿದ ಹುಡುಗ ಅವನು. ಅರ್ಥ ತಿಳಿಯುವ ಮೊದಲೇ ಧಾಟಿ ಮೈಗೆ ಹತ್ತಿತ್ತು. ಎದೆಗೆ ಹೋಗುವ ಕೈಯೂ ಹಾಗೆಯೇ. ಮಸ್ಕತ್ತಿನ ಆಫೀಸಿನಲ್ಲಿ, ಮೀಟಿಂಗಿನ ನಡುವೆ ಚಹಾ ಬಂದರೂ ಅದು ತಪ್ಪುತ್ತಿರಲಿಲ್ಲ.

ಆ ಶುಕ್ರವಾರ ಮೂವರೂ ಹೊರಟದ್ದು ಸಿದ್ದುವಿಗಾಗಿ. ಬಸವಪ್ರಭುವಿನ ಊರ ಕಡೆಯವನು, ಮದುವೆಗೆ ಮುಂಚೆ ಒಂದೇ ರೂಮಿನಲ್ಲಿದ್ದವನು. ಈಗ ಕಂಪನಿ ಅವನನ್ನು ದೂರದ ದುಕ್ಮ್ ಬಂದರಿಗೆ ಹಾಕಿತ್ತು; ಹೋಗುವ ಮುಂಚೆ ಒಂದು ದಿನ ಜೊತೆಗಿರೋಣ ಎಂದು. ಮಸ್ಕತ್ತಿನ ಹಮ್ರಿಯಾದಲ್ಲಿ ಬಸವಪ್ರಭುವಿನ ಪಕ್ಕದ ಫ್ಲಾಟಿನ ಲತೇಶ್, ಉಡುಪಿ ಕಡೆಯವನು, ಇಬ್ರಾ ಪಟ್ಟಣ ದಾಟಿ ಹೋದರೆ ಮರುಭೂಮಿಯಲ್ಲೊಂದು ರೆಸಾರ್ಟ್ ಇದೆ, ಮರಳಿನ ಮೇಲೆ ಸ್ಕೀ ಆಡಿಸುತ್ತಾರೆ ಎಂದು ಕಾರು ತೆಗೆದಿದ್ದ.

"ಹಿಮ ಇಲ್ಲದಿದ್ರೆ ಏನಾಯ್ತು ಮಾರಾಯ್ರೆ, ಜಾರಿದ್ರೆ ಸಾಕಲ್ಲ?"

ಜಾರುವುದಕ್ಕಿಂತ ಮೊದಲು ಬೀಳುವುದಾಯಿತು. ಬಿಗಿ ಬೂಟು ತೊಟ್ಟು, ಉದ್ದನೆಯ ಹಲಗೆಗಳ ಮೇಲೆ ನಿಂತು, ಬಸವಪ್ರಭು ದಿಬ್ಬದ ನೆತ್ತಿಯಿಂದ ಹೊರಟವನೇ ಮುಗ್ಗರಿಸಿದ. ಕರಡಿಗೆ ಎದೆಗೂಡಿಗೆ ಒತ್ತಿ ಉಸಿರು ಕಟ್ಟಿತು.

"ಪ್ರಭಣ್ಣ, ಅದನ್ನು ತೆಗೆದಿಡಿ. ಇನ್ನೊಮ್ಮೆ ಬಿದ್ರೆ ಎಲುಬೇ ಹೋಗ್ತದೆ," ಎಂದ ಲತೇಶ್.

"ತಗಿಯೂದಲ್ಲಪಾ ಅದು."

"ನಂದು ಮನ್ಯಾಗ ದೇವರ ಜಗಲಿ ಮ್ಯಾಲೆ ಕುಂತು ಎಷ್ಟೋ ವರ್ಷ ಆತು," ಎಂದ ಸಿದ್ದು. "ನನಗೇನಾಗೇತಿ? ದುಕ್ಮ್‌ಗೆ ಹಾಕ್ಯಾರ, ಅಷ್ಟ."

ಮೂವರೂ ನಕ್ಕರು. ನಗು ಮುಗಿಯುವಷ್ಟರಲ್ಲಿ ಬಸವಪ್ರಭುವಿನ ಕೈ ಕೊರಳಿಗೆ ಹೋಗಿ ದಾರವನ್ನು ಮೇಲೆತ್ತಿತ್ತು.

ಎಲ್ಲಿಡುವುದು? ಪ್ಯಾಂಟಿನ ಜೇಬು ಸೊಂಟದ ಕೆಳಗಿನದು, ಆಗದು. ಕಾರಿನಲ್ಲಿ ಚಪ್ಪಲಿಗಳು, ಲತೇಶನ ಕೋಳಿ ಸುಕ್ಕದ ಡಬ್ಬಿ. ದಿಬ್ಬದ ಬುಡದಲ್ಲಿ, ನಮ್ಮ ಬನ್ನಿಯಂಥದೇ, ಒಂಟಿ ಘಾಫ್ ಮರವೊಂದಿತ್ತು. ಮೈಲಿಗೆ ಮುಟ್ಟದ ಜಾಗವೆಂದರೆ ಅದೇ ಅನ್ನಿಸಿತು. ಕೈಯೆತ್ತಿ ಎಟುಕುವಷ್ಟು ಮೇಲಿನ ಕೊಂಬೆಗೆ ದಾರವನ್ನು ಎರಡು ಸುತ್ತು ಸುತ್ತಿ, ಕಣ್ಣಿಗೊತ್ತಿಕೊಂಡು, ಬಂದ.

ಆಮೇಲೆ ಜಾರಿದ. ಬಿದ್ದ, ಎದ್ದ, ಮತ್ತೆ ಏರಿದ. ಮೊಣಕಾಲು ಮಡಿಸುವ ಗುಟ್ಟು ತಿಳಿಯುತ್ತಿದ್ದಂತೆ ದಿಬ್ಬವೇ ಅವನನ್ನು ಹೊತ್ತು ಇಳಿಸಿತು. ಕಿವಿಯಲ್ಲಿ ಗಾಳಿ, ಹಲ್ಲಿನಲ್ಲಿ ಮರಳು. "ಮುದುಕಪ್ಪಗ ರೆಕ್ಕಿ ಬಂದಾವೋ," ಎಂದು ಸಿದ್ದು ಕೆಳಗಿನಿಂದ ಕೂಗುತ್ತಿದ್ದ. ಮಧ್ಯಾಹ್ನ ರೆಸಾರ್ಟಿನ ಬಿಡಾರದ ನೆರಳಿನಲ್ಲಿ ಬಸವಪ್ರಭುವಿನ ಹೆಂಡತಿ ಉಜ್ವಲಾ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಬಿಸಿಲು ಇಳಿಮುಖವಾಗುವ ಮೊದಲೇ ಲತೇಶ್ "ಯಲ್ಲಾ" ಎಂದ. ಹೊರಟರು.

ಇಬ್ರಾದಲ್ಲಿ ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿದರು. ಕಡಕ್ ಚಹಾದ ಲೋಟ ಎಡಗೈಗೆ ಬಂತು. ಬಲಗೈ ಎದೆಗೆ ಹೋಯಿತು.

ಅಲ್ಲಿ ಅಂಗಿಯ ಗುಂಡಿ ಮಾತ್ರ ಇತ್ತು.

ಲತೇಶ್ ಕಾರು ತಿರುಗಿಸಿದ. ಹಿಂದಿನ ಸೀಟಿನಲ್ಲಿ ಬಸವಪ್ರಭು ಮನಸ್ಸಿನಲ್ಲೇ ಕೊಂಬೆಯನ್ನು ಹಿಡಿದು ಕುಳಿತಿದ್ದ: ಗಟ್ಟಿಯಾಗಿ ಸುತ್ತಿದ್ದೆ, ಗಾಳಿಗೆ ಬೀಳುವುದಿಲ್ಲ, ಯಾರಿಗೂ ಕಾಣುವುದಿಲ್ಲ.

ಮರ ಇತ್ತು. ಅದರ ಹಸಿರು ಒಂದೇ ಮಟ್ಟಕ್ಕೆ, ಕತ್ತರಿ ಹಾಕಿದಂತೆ, ಬೋಳಾಗಿತ್ತು. ಅವನು ದಾರ ಸುತ್ತಿದ್ದ ಕೊಂಬೆಯ ತುದಿ ಮುರಿದು ಬಿಳಿ ಕಾಣುತ್ತಿತ್ತು. ಕೆಳಗೆ ಮರಳೆಲ್ಲ ತುಳಿದು ಕಲಸಿಹೋಗಿತ್ತು. ಬಿಡಾರ ಕಾಯುವ ಮುದುಕ ಹಮೂದ್, ಒಂಟೆಗಳು ಬಂದಿದ್ದವು, ದಿನವೂ ಈ ಹೊತ್ತಿಗೆ ಮೇಯಲು ಬರುತ್ತವೆ, ಎಂದು ಕೈಸನ್ನೆ ಬೆರೆಸಿ ಹಿಂದಿಯಲ್ಲಿ ಹೇಳಿದ. ಏನು ಕಳೆದಿದೆ ಎಂದು ಕೇಳಿದ. ಲತೇಶ್ ಬೆರಳುಗಳಿಂದ ಅದರ ಗಾತ್ರ ತೋರಿಸಿ, "ಇವರ ದೇವರು," ಎಂದ. ಮುದುಕ ನಗಲಿಲ್ಲ. ಅಡುಗೆಮನೆಗೆ ಹೋಗಿ ಹಿಟ್ಟಿನ ಜರಡಿ ತಂದು ತಾನೂ ಮಂಡಿಯೂರಿದ.

ನಾಲ್ವರೂ ಸೋಸಿದರು. ಹಿಕ್ಕೆ ಬಂತು, ಕಡ್ಡಿ ಬಂತು, ಯಾರದೋ ಕೂದಲಿನ ಕ್ಲಿಪ್ಪು ಬಂತು. ಮರಳಿನ ಬಣ್ಣ ಕೆಂಪಾಗಿ, ಬೂದಿಯಾಗಿ, ಕಾಣದಾಯಿತು. ಲತೇಶ್ ಮೆಲ್ಲಗೆ ಅವನ ಭುಜ ಮುಟ್ಟಿದ. "ಸಾಕು ಪ್ರಭಣ್ಣ."

ದಾರಿಯಲ್ಲಿ ಸಿದ್ದು ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿದ. "ಊರಿಗೆ ಹೋದಾಗ ಮಠದ ಅಜ್ಜಾರು ಮತ್ತೊಂದು ಕೊಡ್ತಾರ ತಗೋ. ಕಳಕೊಂಡವರಿಗೆ ಕೊಡೂದಿಲ್ಲ ಅನ್ನೂದಿಲ್ಲ."

"ಕೊಡ್ತಾರ. ಹೆಂಗ ಹೋತು ಅಂತ ಕೇಳ್ತಾರ."

"ಒಂಟಿ ತಿಂತು ಅನ್ನು."

"ಒಂಟಿ ಬಂದದ್ದು ಆಮ್ಯಾಲೆ, ಸಿದ್ದು."

ಬಿಡಾರದ ನೆರಳು ಬಸವಪ್ರಭುವಿನ ಕಣ್ಣ ಮುಂದಿತ್ತು. ಮೊದಲ ತುತ್ತು ರೊಟ್ಟಿ, ಲತೇಶ್ ಎಸೆದ ನೀರಿನ ಬಾಟಲಿ, ಗಟಗಟನೆ ಕುಡಿದದ್ದು. ಆಗ ಕೈ ಎದೆಗೆ ಹೋಗಿರಲಿಲ್ಲ. ಹೋಗಿದ್ದರೆ ಆಗಲೇ ಓಡುತ್ತಿದ್ದ. ಮರ ಆಗ ಹಸಿರಾಗಿತ್ತು. ಅಷ್ಟು ವರ್ಷ ತಾನೇ ತಾನಾಗಿ ಹೋಗುತ್ತಿದ್ದ ಕೈ, ಅರ್ಧ ದಿನದ ಜಾರಾಟಕ್ಕೆ ಅಜ್ಜಿಯ ಮಾತನ್ನು ಬಿಟ್ಟುಕೊಟ್ಟಿತ್ತು. ಎದೆ ಹಗುರಾಗಿದ್ದನ್ನೇ ಅವನು ಸಂತೋಷ ಎಂದುಕೊಂಡಿದ್ದ.

ಇಬ್ರಾದ ಅದೇ ಅಂಗಡಿಯಲ್ಲಿ ಪರೋಟ, ದಾಲ್ ಹೇಳಿದರು. ತಟ್ಟೆಗಳು ಬಂದವು. ಬಸವಪ್ರಭು ಕೈ ಹಾಕಲಿಲ್ಲ. ಲಿಂಗವಿಲ್ಲದೆ ಅವನು ಉಣ್ಣುವುದಿಲ್ಲವೆಂದು ಸಿದ್ದುವಿಗೆ ಗೊತ್ತಿತ್ತು. ಅವನೂ ತನ್ನ ತಟ್ಟೆ ಸರಿಸಿದ. ಸಿದ್ದುವಿನ ಕೈ ತನ್ನ ಬರಿಯ ಕೊರಳನ್ನು ಸುಮ್ಮನೆ ಸವರುತ್ತಿತ್ತು. ಇಬ್ಬರನ್ನೂ ನೋಡಿ ಲತೇಶ್ ಮುರಿದ ತುಂಡನ್ನು ಹಾಗೆಯೇ ಇಟ್ಟ.

ಉಪವಾಸ ಮಾಡಬಹುದಿತ್ತು. ಆದರೆ ಮಧ್ಯಾಹ್ನ ಮರೆತು ಉಂಡವನು ಈಗ ನೆನೆದು ಉಪವಾಸ ಕೂತರೆ ಅದು ಯಾರಿಗೆ ತೋರಿಸಲು? ಇಬ್ಬರು ಸ್ನೇಹಿತರನ್ನೂ ಹಸಿದು ಕೂರಿಸಿ?

"ಉಣ್ರಿ," ಎಂದ ಬಸವಪ್ರಭು. "ಆರತೈತಿ."

ಬಲಗೈಯನ್ನು ಎದೆಯ ಮೇಲಿಟ್ಟ. ಗುಂಡಿ ತಣ್ಣಗಿತ್ತು. ಕೈಯನ್ನು ಅಲ್ಲೇ ತುಸು ಹೊತ್ತು ಬಿಟ್ಟು, ಆಮೇಲೆ ತುತ್ತು ಮುರಿದ. ಎರಡನೆಯ ತುತ್ತಿಗೂ ಹಾಗೆಯೇ ಇಟ್ಟ. ಊಟ ಮುಗಿಯುವವರೆಗೂ, ಪ್ರತಿ ತುತ್ತಿಗೂ.