ಬಿಸಿ ಬೆರಳು

ಅಂಗಡಿಯ ಬಾಗಿಲು ತೆಗೆದ ಕೂಡಲೇ ಕ್ಷೌರಿಕ ಮೊದಲು ದೇವರ ಪಟ ಒರೆಸಿ ಕೈಮುಗಿಯುತ್ತಿದ್ದ. ಆಮೇಲೆ ಕನ್ನಡಿಯ ಪಕ್ಕ ತೂಗುಹಾಕಿದ್ದ ನಟನ ಫೋಟೋ ಒರೆಸುತ್ತಿದ್ದ. ಎರಡಕ್ಕೂ ಒಂದೇ ಬಟ್ಟೆಯೇ ಎಂದು ಹೆಂಡತಿ ಗೊಣಗಿದರೆ, "ದೇವರಿಗೇ ಬೇಜಾರಿಲ್ಲ, ನಿನಗ್ಯಾಕೆ ಬೇಜಾರು?" ಎನ್ನುತ್ತಿದ್ದ.

ಆ ನಟನನ್ನು ಜನ ಕರೆಯುತ್ತಿದ್ದದ್ದೇ 'ನಮ್ಮಣ್ಣ' ಎಂದು. ಪರದೆಯ ಮೇಲೆ ಆತ ಎಂದೂ ಕೈಯೆತ್ತಿ ಹೆಣ್ಣಿಗೆ ಹೊಡೆದವನಲ್ಲ, ಸುಳ್ಳು ಸಾಕ್ಷಿ ಹೇಳಿದವನಲ್ಲ. ತಂಗಿಯರನ್ನು ಸಾಕಿದ, ಅನ್ಯಾಯಕ್ಕೆ ಎದೆಯೊಡ್ಡಿದ, ಸಾಯುವಾಗಲೂ ಶತ್ರುವಿನ ಮಕ್ಕಳ ತಲೆ ಸವರಿ ಸತ್ತ. ಅವನು ಒಂದು ಚಿತ್ರದಲ್ಲಿ ಸಿಗರೇಟು ಎಸೆದದ್ದು ಕಂಡು ಕ್ಷೌರಿಕನೂ ಮಾರನೆಯ ದಿನದಿಂದ ಸಿಗರೇಟು ಮುಟ್ಟಲಿಲ್ಲ. ಅಂಥ ಅಭಿಮಾನ.

ಅಭಿಮಾನಕ್ಕೆ ಇನ್ನೊಂದು ಕಾರಣವೂ ಇತ್ತು. ಬಹಳ ವರ್ಷಗಳ ಹಿಂದೆ ಒಂದು ಚಳಿಯ ಬೆಳಿಗ್ಗೆ, ಬೀದಿ ಇನ್ನೂ ಕಣ್ಣು ಬಿಡುವ ಮುಂಚೆ, ಟೋಪಿ ಹಣೆಗೆಳೆದುಕೊಂಡ ಒಬ್ಬ ಗಡ್ಡದವನು ಬಂದು ಕುರ್ಚಿಯಲ್ಲಿ ಕೂತ. ಕಾರು ಕೆಟ್ಟಿದೆ, ರಿಪೇರಿ ಆಗುವಷ್ಟರಲ್ಲಿ ಒಂದು ಶೇವಿಂಗ್ ಎಂದ. ಕ್ಷೌರಿಕ ಎಂದಿನಂತೆ ನೊರೆ ಹಚ್ಚಿದ, ಎಂದಿನಂತೆ ಐದು ಬೆರಳನ್ನೂ ಕೂಡಿಸಿ ಬಾಯಿಯ ಹತ್ತಿರ ತಂದು ನಿಧಾನವಾಗಿ ಬಿಸಿಯುಸಿರು ಬಿಟ್ಟ, ಎರಡು ಬೆರಳಿಂದ ಗದ್ದ ಮೇಲೆತ್ತಿ ಮೆಲ್ಲಗೆ ಹೇಳಿದ: "ಕಣ್ಣು ಮುಚ್ಕೊಳ್ಳಿ. ನಾನಿದ್ದೀನಿ."

ಇದು ಅವನಪ್ಪ ಕಲಿಸಿದ್ದು. ಕತ್ತಿ ತಣ್ಣಗಿರುತ್ತೆ ಮಗಾ, ಕೈಯೂ ತಣ್ಣಗಿದ್ರೆ ಮನುಷ್ಯ ಬೆಚ್ತಾನೆ. ನಂಬಿ ಕತ್ತನ್ನೇ ಕೊಟ್ಟವನು ಬೆಚ್ಚಬಾರದು ಎಂದು ಅಪ್ಪ ಹೇಳುತ್ತಿದ್ದ. ಮಗನಿಗೆ ಅದು ಕೆಲಸದ ಭಾಗವಾಗಿರಲಿಲ್ಲ, ಕೆಲಸವೇ ಆಗಿತ್ತು. ಒಂದು ಬಗೆಯ ಪೂಜೆ ಎಂದರೂ ಸಲ್ಲುತ್ತದೆ.

ಅರ್ಧ ಗಡ್ಡ ಹೋದಾಗ ನೊರೆಯ ಕೆಳಗಿಂದ ಪರದೆಯ ಮೇಲಿನ ಆ ಮುಖ ಹೊರಬಂತು. ಕ್ಷೌರಿಕನಿಗೆ ಗುರುತು ಸಿಕ್ಕಿತು. ಆದರೂ ಕತ್ತಿಯನ್ನು ಎಂದಿನಂತೆಯೇ ಆಡಿಸಿದ. ಕಣ್ಣು ಮುಚ್ಚಿ ಮಗುವಿನ ಹಾಗೆ ಕೂತವನನ್ನು ಎಬ್ಬಿಸುವುದು ಹೇಗೆ? ಹೊರಡುವಾಗ ನಟ ಕೆನ್ನೆ ಸವರಿಕೊಂಡು, "ಇಷ್ಟು ನಿಶ್ಚಿಂತೆಯಾಗಿ ನಾನು ಯಾರ ಮುಂದೇನೂ ಕಣ್ಣು ಮುಚ್ಚಿರ್ಲಿಲ್ಲ," ಎಂದು ಹೇಳಿ ಹೋದ.

ನೋಡಿದವರು ಯಾರೂ ಇಲ್ಲ. ಹೇಳಿದರೆ ನಂಬಿದವರೂ ಯಾರೂ ಇಲ್ಲ. ಪಕ್ಕದ ಅಂಗಡಿಯ ಟೈಲರ್, ಅಂದರೆ ಹೆಂಡತಿಯ ತಮ್ಮ, ಅವನಿಗೆ 'ಬುರುಡೆ ಭಾವ' ಎಂದೇ ಹೆಸರಿಟ್ಟ. ಹೆಂಡತಿ ನಗಲಿಲ್ಲ, ಆದರೆ ನಂಬಲೂ ಇಲ್ಲ. ಆ ಮಾತು ಬಂದಾಗೆಲ್ಲ ಒಲೆಯ ಕಡೆ ಎದ್ದು ಹೋಗುತ್ತಿದ್ದಳು. ಅವಳೊಬ್ಬಳಾದರೂ ನಂಬುವ ಹಾಗೆ ಮಾಡಪ್ಪಾ ಎಂದು ಕ್ಷೌರಿಕ ದೇವರಿಗೆ ಅಡ್ಡಬಿದ್ದು ಕೇಳಿಕೊಂಡಿದ್ದುಂಟು. ಮನುಷ್ಯ ಬೇಡುವಾಗ ಏನು ಬೇಕೆಂದು ಹೇಳುತ್ತಾನೆ. ಯಾವ ರೂಪದಲ್ಲಿ ಬೇಡ ಎಂಬುದನ್ನು ಹೇಳಲು ಮರೆಯುತ್ತಾನೆ.

ಹೀಗಿರುವಾಗ ನಮ್ಮಣ್ಣನ ಹೊಸ ಚಿತ್ರ ಬಂತು. ಕೊಲೆ, ಕಳ್ಳಸಾಗಣೆಯ ಚಿತ್ರ. ಅದರಲ್ಲಿ ನಮ್ಮಣ್ಣನೇ ಖಳ.

"ಅವರು ಖಳ ಆಗಿರಲ್ಲ ಕಣೇ. ಕೊನೇಲಿ ನೋಡು, ಪೊಲೀಸ್ನೋರೇ ವೇಷ ಹಾಕ್ಕೊಂಡಿರ್ತಾರೆ," ಎಂದು ದಾರಿಯುದ್ದಕ್ಕೂ ಹೆಂಡತಿಗೆ ಹೇಳುತ್ತಾ ಕ್ಷೌರಿಕ ಚಿತ್ರಮಂದಿರಕ್ಕೆ ಹೋದ.

ವೇಷ ಯಾವುದೂ ಇರಲಿಲ್ಲ. ಅಪ್ಪಟ ಪಾಪಿ. ಮಧ್ಯಂತರಕ್ಕೆ ಮುಂಚೆ ತನಗೆ ದ್ರೋಹ ಬಗೆದವನೊಬ್ಬನನ್ನು ಕುರ್ಚಿಯಲ್ಲಿ ಕೂರಿಸುತ್ತಾನೆ. ಸಂಗೀತವಿಲ್ಲ, ಕೂಗಾಟವಿಲ್ಲ. ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ ತರುತ್ತಾನೆ. ನಿಧಾನವಾಗಿ ಬಿಸಿಯುಸಿರು ಬಿಡುತ್ತಾನೆ. ಎರಡು ಬೆರಳಿಂದ ಗದ್ದ ಎತ್ತುತ್ತಾನೆ. "ಕಣ್ಣು ಮುಚ್ಕೊಳ್ಳಿ. ನಾನಿದ್ದೀನಿ."

ಆಮೇಲೆ ಆ ಕತ್ತಿನ ಮೇಲೆ ಕತ್ತಿ ಎಳೆಯುತ್ತಾನೆ. ಕ್ಷೌರಿಕನ ಮುಂಗೈಯನ್ನು ಹೆಂಡತಿ ಉಗುರು ಊರುವಂತೆ ಹಿಡಿದಳು.

ಮನೆ ಸೇರಿ ಚಪ್ಪಲಿ ಬಿಟ್ಟ ಮೇಲೆ ಅವಳೇ ಶುರುಮಾಡಿದಳು.

"ರೀ, ಅವರು ನಿಜವಾಗ್ಲೂ ಬಂದಿದ್ರು."

"ಈಗ ಹೇಳ್ತೀಯಾ?"

"ಇಷ್ಟು ವರ್ಷ ನಂಬ್ಲಿಲ್ಲ, ತಪ್ಪಾಯ್ತು. ಅದು ನಿಮ್ಮ ಕೈ. ನಾನು ನೋಡಿಲ್ವಾ?"

"ನನ್ನ ಕೈಯಲ್ಲಿ ಕೊಲೆ ಮಾಡಿಸ್ಬಿಟ್ರಲ್ಲೇ!" ಕ್ಷೌರಿಕ ಗೋಡೆಗೆ ಗುದ್ದಿದ. "ತಂಗಿ ತಲೆ ಸವರೋವಾಗ ಬೇಕಾಗ್ಲಿಲ್ಲ, ತಾಯಿ ಕಾಲು ಒತ್ತೋವಾಗ ಬೇಕಾಗ್ಲಿಲ್ಲ. ಕತ್ತು ಕೊಯ್ಯೋಕೆ ಬೇಕಾಯ್ತಾ ನಮ್ಮಪ್ಪನ ಬಿಸಿಯುಸಿರು?"

"ಚೆನ್ನಾಗಿ ಮಾಡಿದಾರೆ, ಏನೇ ಹೇಳಿ."

"ಅದೇ ನನ್ನ ಸಂಕಟ! ಕೆಟ್ಟದಾಗಿ ಮಾಡಿದ್ರೆ ಬಾಯ್ತುಂಬ ಬೈದು ಮಲಗ್ತಿದ್ದೆ."

ನಿಜವೇ. ಇಷ್ಟೊಂದು ಚಿತ್ರ ನೋಡಿದವನು ಅವನು. ನಮ್ಮಣ್ಣ ಇಷ್ಟು ಚೆನ್ನಾಗಿ ನಟಿಸಿದ್ದು ಎಂದೂ ಇಲ್ಲವೆಂದು ಅವನಿಗೇ ಗೊತ್ತು. ಒಳ್ಳೆಯವನಾಗಿ ಸಾವಿರ ಸಲ ಸತ್ತಾಗ ಬಾರದ ಜೀವ ಆ ಮುಖಕ್ಕೆ ಈ ಪಾಪದಲ್ಲಿ ಬಂದಿತ್ತು. ಒಪ್ಪಿಕೊಳ್ಳಲು ಮನಸ್ಸಿಲ್ಲ, ಅಲ್ಲಗಳೆಯಲು ಬಾಯಿಲ್ಲ.

ಬೆಳಿಗ್ಗೆ ಅಂಗಡಿಗೆ ಬಂದವನು ದೇವರ ಪಟ ಒರೆಸಿದ. ಫೋಟೋದ ಮೇಲೆ ಒದ್ದೆ ಟವೆಲ್ ಎಸೆದ.

ಮೊದಲ ಗಿರಾಕಿ ಬೇಕರಿಯವನು. ನೊರೆ ಹಚ್ಚಿ, ಬೆರಳು ಕೂಡಿಸಿ ಬಾಯಿಗೆ ತಂದದ್ದೇ ತಡ, ಅವನು ಕನ್ನಡಿಯಲ್ಲಿ ಕಣ್ಣರಳಿಸಿ ನಕ್ಕ.

"ಆಹಾ! ಸಿನಿಮಾ ನೋಡ್ಕೊಂಡು ಬಂದೆ ಅನ್ನು. ಒಂದೇ ದಿನಕ್ಕೆ ಕಲಿತುಬಿಟ್ಟೆಯಲ್ಲಪ್ಪ!"

"ಕಲಿತದ್ದಲ್ಲ ಅಣ್ಣ, ಮೊದಲಿಂದ ಮಾಡ್ತಿದ್ದೀನಿ. ನಿಮಗೇ ಮಾಡಿಲ್ವಾ?"

"ನಾನು ಕೂತ ಕೂಡಲೇ ಕಣ್ಣು ಮುಚ್ಕೊಂಡು ತೂಕಡಿಸ್ತಿದ್ದೆ. ನಂಗೇನು ಗೊತ್ತು?"

ಕ್ಷೌರಿಕ ಕೂಡಿಸಿದ ಬೆರಳನ್ನು ನೋಡಿಕೊಂಡ. ಹೌದಲ್ಲ! ಈ ಬೀದಿಯವರೆಲ್ಲರ ಕೆನ್ನೆಗೂ ಆ ಬಿಸಿ ಗೊತ್ತು, ಕಣ್ಣಿಗೆ ಮಾತ್ರ ಗೊತ್ತಿಲ್ಲ. ಬೆಚ್ಚಬಾರದು ಎಂದು ತಾನೇ ಮುಚ್ಚಿಸಿ ರೂಢಿ ಮಾಡಿಸಿದ ಕಣ್ಣುಗಳವು. ಅವು ಆ ಉಸಿರನ್ನು ಮೊದಲ ಸಲ ನೋಡಿದ್ದು ಪರದೆಯ ಮೇಲೆ.

ಅಂದಿನಿಂದ ಕೂತವರೆಲ್ಲ ಅದೇ ರಾಗ. "ನಮಗೂ ಒಂದ್ಸಲ ಊದು ಗುರುವೇ." "ಕತ್ತು ಉಳಿಸಪ್ಪಾ, ಮನೇಲಿ ಕಾಯ್ತಿದ್ದಾರೆ." ನಗುತ್ತಿದ್ದವರು ಗದ್ದಕ್ಕೆ ಬೆರಳು ತಾಕಿದ ಕೂಡಲೇ ಮರದ ತುಂಡಿನ ಹಾಗೆ ಬಿಗಿಯುತ್ತಿದ್ದರು. ಒಬ್ಬರೂ ಕಣ್ಣು ಮುಚ್ಚಲಿಲ್ಲ. ಬಿಗಿದ ಚರ್ಮದ ಮೇಲೆ ಕತ್ತಿ ಹೇಗೆ ಹರಿದೀತು?

ರೋಸಿಹೋದ ಕ್ಷೌರಿಕ ಒಂದು ಸಂಜೆ ಆ ಪದ್ಧತಿಯನ್ನೇ ಬಿಟ್ಟ. ಕುರ್ಚಿಯಲ್ಲಿ ಕೂತಿದ್ದವನು ಟೈಲರ್. ಊದಲಿಲ್ಲ, ಹೇಳಲಿಲ್ಲ, ನೀರಲ್ಲದ್ದಿದ ತಣ್ಣನೆಯ ಬೆರಳನ್ನು ನೇರ ಕುತ್ತಿಗೆಗೆ ಇಟ್ಟು ಕತ್ತಿಯಾಡಿಸಿದ. ಟೈಲರ್ ಹೌಹಾರಿದ. ನೊರೆಯ ಮೇಲೆ ಕೆಂಪು ಗೆರೆಯೊಂದು ಮೂಡಿತು.

ಅಪ್ಪ ಸತ್ತ ಮೇಲೆ ಈ ಕುರ್ಚಿಯಲ್ಲಿ ರಕ್ತ ಬಂದದ್ದು ಇದೇ ಮೊದಲು. ಕ್ಷೌರಿಕ ರಕ್ತ ನಿಲ್ಲಲೆಂದು ಗಾಯಕ್ಕೆ ಪಟಿಕದ ಕಲ್ಲು ಒತ್ತಿದ.

"ಏನ್ ಭಾವ ಇದು, ನಿಜವಾಗ್ಲೂ ಮುಗಿಸ್ಬಿಡ್ತೀಯಾ?" ಟೈಲರ್ ಕತ್ತು ಹಿಡಿದುಕೊಂಡು ಕೂಗಿದ. "ಐಸಿನ ಹಾಗಿದೆ ಕೈ! ಯಾವಾಗ್ಲೂ ಬೆಚ್ಚಗಿರ್ತಿತ್ತಲ್ಲ?"

"ಯಾವಾಗ್ಲೂ ಅಂದ್ಯಾ?"

"ಹೂಂ."

"ಸಿನಿಮಾಗೆ ಮುಂಚೇನೂ?"

ಟೈಲರ್ ಕನ್ನಡಿಯಲ್ಲಿ ಭಾವನ ಮುಖ ನೋಡಿದ, ಆಮೇಲೆ ಟವೆಲ್ ಮುಚ್ಚಿದ ಫೋಟೋ ನೋಡಿದ.

"ಹಾಗಾದ್ರೆ... ಅವತ್ತು..."

"ಅವತ್ತು ಅಂತ ಏನೂ ಬೇಡ. ನಾನು ಬುರುಡೆನೇ ಸರಿ," ಎಂದ ಕ್ಷೌರಿಕ ಸಿಡುಕಿನಿಂದ. "ಗದ್ದ ಎತ್ತು."

"ಊದ್ತೀಯಾ?"

"ಊದ್ತೀನಿ. ನಮ್ಮಪ್ಪ ಊದ್ತಿದ್ದ, ನಾನೂ ಊದ್ತೀನಿ. ಯಾರು ಏನು ಅಂದ್ಕೊಂಡ್ರೂ ಸರಿ."

ಐದು ಬೆರಳೂ ಕೂಡಿದವು. ಉಸಿರು ಎಂದಿಗಿಂತ ತುಸು ಉದ್ದವಾಗಿಯೇ ಬಂತು, ಅರ್ಧ ಅದರಲ್ಲಿ ಸಿಟ್ಟು. "ಕಣ್ಣು ಮುಚ್ಕೋ. ನಾನಿದ್ದೀನಿ."

"ಆಗ್ತಾ ಇಲ್ಲ ಭಾವ," ಎಂದ ಟೈಲರ್ ಸಣ್ಣ ದನಿಯಲ್ಲಿ. "ಮುಚ್ಚಿದ್ರೆ ಆ ಮುಖಾನೇ ಬರುತ್ತೆ."

ಕ್ಷೌರಿಕ ಫೋಟೋದ ಕಡೆ ತಿರುಗಿ, ಟವೆಲ್ಲಿನ ಒಳಗಿದ್ದವನಿಗೆ ಕೇಳುವ ಹಾಗೆ ನಿಟ್ಟುಸಿರಿಟ್ಟ.

"ಒಂದು ಕಣ್ಣಾದ್ರೂ ಮುಚ್ಚೋ."

ಟೈಲರ್ ಬಹಳ ಕಷ್ಟಪಟ್ಟು ಎಡಗಣ್ಣು ಮುಚ್ಚಿದ. ಬಲಗಣ್ಣು ಕತ್ತಿಯ ಮೇಲೇ ಇತ್ತು.

ಕ್ಷೌರಿಕ ಎಡಗೆನ್ನೆಯಿಂದ ಶುರುಮಾಡಿದ.