ಮೇಲಿನ ಓಣಿಯ ನೀರು

ಮಾನವ್ವನ ಕೈಯಿಂದ ಚಾವಿ ಕಸಿದುಕೊಂಡ ದಿನ ಊರಿನ ಯಾವ ವಾಲ್ವು ಎಷ್ಟು ತಿರುವಿದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಪಂಚಾಯ್ತಿ ಮುಂದಿನ ದೊಡ್ಡ ವಾಲ್ವು ಅರ್ಧ ತೆರೆದಿತ್ತು. ಮೇಲಿನ ಓಣಿಯದು ಪೂರ್ತಿ ಮುಚ್ಚಿತ್ತು, ಏಕೆಂದರೆ ಆ ಓಣಿಯ ಸರದಿ ಮರುದಿನಕ್ಕಿತ್ತು. ಅದನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಸೂಡಿಯಿಂದ ಗಜೇಂದ್ರಗಡಕ್ಕೆ ಹೋಗುವ ಬಸ್ಸು ಬಿಳೇಮಟ್ಟಿಯಲ್ಲಿ ನಿಂತರೆ ನಿಂತೀತು, ಇಲ್ಲದಿದ್ದರೆ ಇಲ್ಲ, ಅಂಥ ಊರು. ಹತ್ತೊಂಬತ್ತು ವರ್ಷ ಆ ಊರಿಗೆ ನೀರು ಬಿಟ್ಟವಳು ಮಾನವ್ವ. ಮೊದಲು ಅವಳ ಗಂಡ ಬಿಡುತ್ತಿದ್ದ. ಅವನು ತೀರಿದ ಮೇಲೆ ಎದೆಯೆತ್ತರದ ಆ ಕಬ್ಬಿಣದ ಚಾವಿ ಇವಳ ಹೆಗಲಿಗೆ ಬಂತು. ಅದರ ಒಂದು ತುದಿಯನ್ನು ವಾಲ್ವಿನ ಮೇಲಿಟ್ಟು ಇನ್ನೊಂದು ತುದಿಗೆ ಕಿವಿ ಹಚ್ಚಿದರೆ ಸಾಕು, ಒಳಗೆ ನೀರು ಓಡುತ್ತಿದೆಯೋ, ತೆವಳುತ್ತಿದೆಯೋ, ಬರೀ ಗಾಳಿ ಇದೆಯೋ ಹೇಳಿಬಿಡುತ್ತಿದ್ದಳು. ಅವಳನ್ನು ಊರವರು 'ನೀರ ಬಿಡೋ ಮಾನವ್ವ' ಎನ್ನುತ್ತಿದ್ದರು. ಅದು ಅವಳಿಗೆ ಮನೆತನದ ಹೆಸರಿಗಿಂತ ಹೆಚ್ಚಾಗಿತ್ತು.

ಆಮೇಲೆ ಕಂಪನಿ ಬಂತು. ಸರ್ಕಾರ ಹಣ ಹಾಕುತ್ತದೆ, ಕಂಪನಿ ಹೊಸ ಪೈಪು ಹಾಕುತ್ತದೆ, ಹತ್ತು ವರ್ಷ ಕಂಪನಿಯೇ ನೀರು ಬಿಡುತ್ತದೆ, ಇಪ್ಪತ್ನಾಲ್ಕು ತಾಸೂ ನಳದಲ್ಲಿ ಮಲಪ್ರಭೆ ಎಂದು ಮನೆಮನೆಗೆ ಕರಪತ್ರ ಹಂಚಿದರು. ಸರ್ಕಾರ ಮತ್ತು ಖಾಸಗಿಯವರ ಸಹಭಾಗಿತ್ವ ಎಂದು ಅದರ ಮೇಲೆ ದಪ್ಪ ಅಕ್ಷರದಲ್ಲಿತ್ತು. ಮಾನವ್ವನಿಗೆ ಅದರಲ್ಲಿ ತಿಳಿದದ್ದು ಇಷ್ಟೇ: ಇಬ್ಬರು ಕೂಡಿ ಮೂರನೆಯವಳನ್ನು ಹೊರಗೆ ಹಾಕುವುದು.

ಹೊರಗೆ ಹಾಕಿದ್ದರೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಹಾಕಿದ ರೀತಿ ಇದೆಯಲ್ಲ, ಅದನ್ನು ನುಂಗಲಾಗಲಿಲ್ಲ. ಕಂಪನಿಯ ಮೇಲ್ವಿಚಾರಕ ಸಿದ್ದರಾಮೇಶ ಗಜೇಂದ್ರಗಡದ ವ್ಯಾಪಾರಸ್ಥರ ಮನೆಯವನು, ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ. ಅವನು ಗ್ರಾಮಸಭೆಯಲ್ಲಿ ಎದ್ದು ನಿಂತು ತನ್ನ ಫೋನನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಇದನ್ನ ಎಲ್ಲಾರೂ ನೋಡ್ರಿ. ಸರ್ವೇಕ್ಕ ಬಂದಾಗ ಹೊಡದ ಫೋಟೋ. ಮಟಮಟ ಮಧ್ಯಾಹ್ನ, ಸರದಿ ಇಲ್ಲದಾಗ, ಈಕಿ ತನ್ನ ಓಣಿ ವಾಲ್ ತಗ್ಯಾಕತ್ತಾಳ. ಇದಕ್ಕ ನೀರಗಳವು ಅನ್ನದ ಮತ್ತೇನಂತೀರಿ?"

ಫೋಟೋ ಸುಳ್ಳಲ್ಲ. ಮಾನವ್ವ ಬಗ್ಗಿ ಚಾವಿ ತಿರುವುತ್ತಿದ್ದಳು. ಅವಳ ಪಕ್ಕದಲ್ಲಿ ವಾಲ್ವಿನ ಗುಂಡಿಗೆ ಮುಚ್ಚಿದ್ದ ಪರಸಿ ಚಪ್ಪಡಿಯನ್ನು ಓರೆಯಾಗಿ ಎತ್ತಿ ಹಿಡಿದ ಒಂದು ಕೈಯಿತ್ತು. ಮುಖ ಫೋಟೋದಿಂದ ಆಚೆಗೆ ಉಳಿದಿತ್ತು. ಆ ಕೈಯಲ್ಲಿ ಹಸಿರು ಬಳೆಗಳಿದ್ದವು. ಫೋಟೋ ಹೊಡೆದ ದಿನದ ಸಂಜೆಯೇ ಆ ಬಳೆಗಳನ್ನು ಒಡೆದಿದ್ದರು.

ಅದು ಗಾಳೆವ್ವನ ಕೈ. ಮಾನವ್ವ, ಗಾಳೆವ್ವ ಇಬ್ಬರೂ ಒಂದೇ ವರ್ಷ ಆ ಓಣಿಗೆ ಸೊಸೆಯರಾಗಿ ಬಂದವರು, ಒಂದೇ ಒರಳಿನಲ್ಲಿ ಖಾರ ಕುಟ್ಟಿದವರು. ಆ ದಿನ ಗಾಳೆವ್ವನ ಗಂಡ ಗುರುಸಂಗಪ್ಪ ಹೊಲದಿಂದ ಬಂದು ಕುಂತಲ್ಲೇ ಹೋಗಿಬಿಟ್ಟಿದ್ದ. ಓಣಿಗೆ ನೀರು ಬಂದು ನಾಲ್ಕು ದಿನವಾಗಿತ್ತು, ಹೆಣಕ್ಕೆ ಮೈ ತೊಳೆಸಲು ಮನೆಯಲ್ಲಿ ಎರಡು ಕೊಡ ನೀರಿರಲಿಲ್ಲ. ಮಗ ಮಾಲತೇಶ ಓಡಿಬಂದು, "ಚಿಗವ್ವಾ, ನೀರು" ಎಂದ. ಮಾನವ್ವ ಸರದಿ ಗಿರದಿ ನೋಡಲಿಲ್ಲ. ಊರ ಗಂಡಸರು ಇನ್ನೂ ಕೂಡಿರಲಿಲ್ಲ, ಪರಸಿ ಭಾರವಿತ್ತು, ವಾಲ್ವು ಆ ಮನೆಯ ಬಾಗಿಲ ಮುಂದೆಯೇ ಇತ್ತು. ಗಾಳೆವ್ವ ತಾನೇ ಹೊರಗೆ ಬಂದು ಅಳುತ್ತ ಕಲ್ಲು ಹಿಡಿದಿದ್ದಳು.

ಸಭೆಯಲ್ಲಿ ಮಾನವ್ವ ಹೆಂಗಸರ ಸಾಲಿನತ್ತ ತಿರುಗಿ ಗಾಳೆವ್ವನನ್ನು ನೋಡಿದಳು. ಒಂದು ಮಾತು, ಒಂದೇ ಒಂದು ಮಾತು ಸಾಕಿತ್ತು. ಗಾಳೆವ್ವ ಸೆರಗಿನ ಅಂಚನ್ನು ನೋಡುತ್ತ ಕುಳಿತಳು. ಗೋಡೆಗೆ ಒರಗಿದ್ದ ಮಾಲತೇಶ ಎದ್ದು ಹೊರಗೆ ಹೋದ. ಕಾರಣ ಮರುದಿನ ತಿಳಿಯಿತು. ಕಂಪನಿಯ ಆಪರೇಟರ್ ಎಂದು ಮಾಲತೇಶನ ಹೆಸರು ಬರೆಸಿಯಾಗಿತ್ತು. ಮಾನವ್ವನ ಚಾವಿ ಅವನ ಕೈಗೆ ಹೋಯಿತು, ಮಾನವ್ವನಿಗೆ ನೀರಗಳ್ಳಿ ಎಂಬ ಹೆಸರು ಉಳಿಯಿತು. ಸಂತೆಯಲ್ಲಿ ಮೆಣಸಿನಕಾಯಿ ಮಾರುವವರೂ ಅವಳಿಗೆ ಹಾಗೇ ಅಂದರು.

ಸಿದ್ದರಾಮೇಶನ ಮೇಲೆ ಅವಳಿಗೆ ಸಿಟ್ಟಿತ್ತು. ಗಾಳೆವ್ವನ ಮೇಲೆ ಇದ್ದದ್ದು ಸಿಟ್ಟಲ್ಲ, ಅದು ಅನ್ನದ ಜೊತೆ ಒಳಗೆ ಹೋಗಿ ನಿದ್ದೆಯ ಜೊತೆ ಎದ್ದು ಬರುತ್ತಿತ್ತು. ಅವಳ ಬಾಯಿಂದಲೇ ಆ ಮಾತು ಬರಬೇಕು, ಎಲ್ಲರ ಎದುರಿಗೆ ಬರಬೇಕು, ಅಲ್ಲಿಯವರೆಗೆ ನಾನು ಸಾಯುವುದಿಲ್ಲ ಎಂದು ಮಾನವ್ವ ಒಲೆಯ ಮುಂದೆ ಕೂತು ತನಗೆ ತಾನೇ ಹೇಳಿಕೊಂಡಳು.

ತಿಂಗಳೊಪ್ಪತ್ತಿನಲ್ಲಿ ಕೆಲಸ ಸುರುವಾಯಿತು. ಅದು ಮುಗಿಯುವವರೆಗೆ ಕಂಪನಿ ಟ್ಯಾಂಕರಿನಲ್ಲಿ ನೀರು ಕೊಟ್ಟಿತು, ಹಳೆಯ ವಾಲ್ವುಗಳನ್ನು ಯಾರೂ ಮುಟ್ಟಲಿಲ್ಲ. ಹೊಸ ಪೈಪು ಇದ್ದದ್ದು ಕಾಗದದಲ್ಲಿ. ನೆಲ ಅಗೆದರು, ಮನೆಮನೆಗೆ ಹೊಸ ನಳ ನಿಲ್ಲಿಸಿದರು, ಅದರ ಬುಡವನ್ನು ಹಳೆಯ ಪೈಪಿಗೇ ಜೋಡಿಸಿ ಮಣ್ಣು ಮುಚ್ಚಿದರು, ಮೇಲೆ ಗೇಣುದಪ್ಪ ಕಾಂಕ್ರೀಟು ಸುರಿದರು. ಮಾನವ್ವ ಬೇವಿನ ಗಿಡದ ಕೆಳಗೆ ಎಲೆ ಅಡಿಕೆ ಹಾಕಿಕೊಂಡು ನೋಡುತ್ತ ಕುಳಿತಿರುತ್ತಿದ್ದಳು. ಒಂದೊಂದೇ ಪರಸಿ ಕಾಂಕ್ರೀಟಿನ ಕೆಳಗೆ ಹೋಗುವಾಗ ಅವಳಿಗೆ ಒಳಗೊಳಗೇ ಒಂದು ಸುಖ. ಕೆಳಗೆ ವಾಲ್ವು ಮುಚ್ಚಿದೆ ಎಂದು ಹೇಳಬೇಕೆನ್ನಿಸಲಿಲ್ಲವೇ? ಒಮ್ಮೆ ಅನ್ನಿಸಿತು. ಆಗಲೇ ಸಿದ್ದರಾಮೇಶ ಬೈಕು ನಿಲ್ಲಿಸಿ ನಕ್ಕ.

"ಏನಬೇ, ಕುಂತ ನೋಡಾಕತ್ತಿ? ಕೆಲಸಾ ಕಲೀತಿಯೇನ?"

"ಹೌದ್ರಿ ಸಾಹೇಬ್ರ, ಕಲ್ಯಾಕತ್ತೀನಿ," ಎಂದಳು, ಎಲೆಯ ರಸವನ್ನು ಪಕ್ಕಕ್ಕೆ ಉಗುಳಿ.

ಪಂಚಾಯ್ತಿ ಮುಂದಿನ ದೊಡ್ಡ ವಾಲ್ವಿನ ಮೇಲೆ ಕಟ್ಟೆ ಕಟ್ಟಿ ಕರಿಕಲ್ಲಿನ ಫಲಕ ನಿಲ್ಲಿಸಿದರು. ಅದರಲ್ಲಿ ದೊಡ್ಡವರ ಹೆಸರೆಲ್ಲ ಮುಗಿದ ಮೇಲೆ ತಳದ ಸಾಲಿನಲ್ಲಿ, ಮೇಲ್ವಿಚಾರಣೆ ಸಿದ್ದರಾಮೇಶ ಎಂದು ಬಂಗಾರದ ಬಣ್ಣದಲ್ಲಿ ಕೊರೆಸಿದ್ದರು. ಮೇಲಿನ ಓಣಿಯಲ್ಲಿ ಉಳಿದ ಕಾಂಕ್ರೀಟನ್ನು ಮಾಲತೇಶ ಬೇಡಿಕೊಂಡು ತನ್ನ ಮನೆಯ ಬಾಗಿಲಿಗೆ ಮೂರು ಪಾವಟಿಗೆ ಎರಕ ಹಾಕಿಸಿದ. ಓಣಿಯಲ್ಲಿ ಯಾರ ಬಾಗಿಲಿಗೂ ಅಂಥ ಮೆಟ್ಟಿಲಿರಲಿಲ್ಲ. ತಳದ ಪಾವಟಿಗೆ ಪರಸಿಯ ಮೇಲೆಯೇ ಬಂತು. ಹೊಸ ಪೈಪು ಬಂತೆಂದ ಮೇಲೆ ಹಳೆಯ ವಾಲ್ವಿನ ನೆನಪು ಯಾರಿಗೆ? ಗಾಳೆವ್ವ ಹೊಸ ಪಾವಟಿಗೆಗೆ ಅರಿಶಿಣ ಕುಂಕುಮ ಹಚ್ಚಿಸಿದಳು.

ಊರ ನೀರಿನ ಟಾಕಿಗೆ ನದಿಯ ನೀರು ಬಂತು, ನಳಗಳನ್ನು ತೆರೆದರು. ಕೆಳಗಿನ ಓಣಿಗಳಲ್ಲಿ ನೀರು ಸಣ್ಣಗಾದರೂ ಹಗಲೂ ರಾತ್ರಿ ಬಂತು. ಮೇಲಿನ ಓಣಿಯ ನಲವತ್ತು ಮನೆಯ ನಳಗಳು ಒಮ್ಮೆ ಕೆಮ್ಮಿ ಸುಮ್ಮನಾದವು. ಎರಡು ತಿಂಗಳು ಆ ಓಣಿಯ ಹೆಂಗಸರು ಊರಾಚೆಯ ಹಳೆಯ ಬಾವಿಯಿಂದ ನೀರು ಹೊತ್ತರು. ಮಾನವ್ವನ ಮನೆಯೂ ಅದೇ ಓಣಿಯ ತುದಿಯಲ್ಲಿತ್ತು, ಅವಳೂ ಹೊತ್ತಳು. ನಡ ಬಿದ್ದುಹೋಗುತ್ತಿತ್ತು. ಆದರೂ ಮುಂದೆ ಗಾಳೆವ್ವ ಕೊಡ ಹೊತ್ತು ತೇಕುತ್ತ ಹೋಗುವುದನ್ನು ಕಂಡರೆ ಅವಳ ತಲೆಯ ಮೇಲಿನ ಕೊಡ ಹಗುರಾಗುತ್ತಿತ್ತು.

ಒಂದು ದಿನ ಬಾವಿಯ ಹತ್ತಿರ ಗಾಳೆವ್ವ ತಡೆದು ನಿಂತಳು. "ಮಾನವ್ವ, ನಿನಗ ಗೊತ್ತೈತಿ. ಹೇಳಬಾರದಾ?"

"ನನಗೇನ ಗೊತ್ತಬೇ? ನಾ ನೀರಗಳ್ಳಿ. ಪರಸಿ ಹಿಡದಾಕಿಗಿ ಗೊತ್ತಿಲ್ಲದ್ದು ನನಗೇನ ಗೊತ್ತು?"

ಗಾಳೆವ್ವನ ಮುಖ ಬಿಳಿಚಿತು. ತನ್ನ ಪಾವಟಿಗೆಯ ಕೆಳಗಿನ ವಾಲ್ವು ಅವಳಿಗೆ ಆ ಕ್ಷಣ ನೆನಪಾಯಿತು ಎಂದು ಮಾನವ್ವನಿಗೆ ತಿಳಿಯಿತು. ಆದರೂ ಗಾಳೆವ್ವ ಕೊಡ ಎತ್ತಿಕೊಂಡು ಹೋದಳೇ ಹೊರತು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಊರಿನ ನೀರನ್ನು ಪರೀಕ್ಷೆ ಮಾಡಿ ಯೋಜನೆ ಮುಗಿಯಿತೆಂದು ಸಹಿ ಹಾಕುವ ದಿನ ಹತ್ತಿರ ಬಂತು. ಮೂರು ದಿನ ಮೊದಲು ಸಿದ್ದರಾಮೇಶ ಮಾನವ್ವನ ಬಾಗಿಲಿಗೆ ಬಂದ, ಜೊತೆಗೆ ಅವಳ ಚಾವಿ ಹಿಡಿದುಕೊಂಡ ಮಾಲತೇಶ. ತನ್ನ ಬಾಗಿಲ ಮುಂದಿನ ವಾಲ್ವಿನ ಮಾತು ತೆಗೆದರೆ ಫೋಟೋದ ಮಾತೂ ಬರುತ್ತದೆಂದು ಅವನೂ ಬಾಯಿ ಬಿಟ್ಟಿರಲಿಲ್ಲ. ಅಂಗಿಯ ಇಸ್ತ್ರಿ ಈ ಸಲ ಮುರಿದಿತ್ತು.

"ಮಾನವ್ವಾರ, ಹಳೇ ವಾಲ್ ಎಲ್ಲೆಲ್ಲಿ ಅದಾವ, ತೋರಿಸಿಬಿಡ್ರಿ. ಆಗಿದ್ದು ಆಗಿಹೋತು. ನಂದ ತಪ್ಪಾತು ಅನ್ಕೋರಿ."

"ಸಭಾದಾಗ ಅಂದಿದ್ರಿ. ಸಭಾದಾಗನ ಹೇಳ್ರಿ."

"ಅದ ಹ್ಯಾಂಗ ಆಗತೈತ್ರಿ? ನನ್ನ ಮರ್ಯಾದಿ ಏನಾಗಬೇಕು?"

"ನಂದ ಏನಾತು, ಅದ ಆಗತೈತಿ," ಎಂದು ಮಾನವ್ವ ಬಾಗಿಲು ಹಾಕಿಕೊಂಡಳು.

ಪರೀಕ್ಷೆಗೆ ಬಂದ ಅಧಿಕಾರಿ ಕನ್ನಡಕದ ಹೆಣ್ಣುಮಗಳು. ಹಾರ ಹಾಕಿಸಿಕೊಳ್ಳಲಿಲ್ಲ, ಚಹಾ ಕುಡಿಯಲಿಲ್ಲ, ನೆಟ್ಟಗೆ ಮೇಲಿನ ಓಣಿಗೆ ಹೋಗಿ ಕೈಗೆ ಸಿಕ್ಕ ನಳ ತಿರುವಿದರು. ಸುಸ್ ಎಂದು ಗಾಳಿ ಬಂತು. ಪಕ್ಕದ್ದು ತಿರುವಿದರು, ಅದೂ ಗಾಳಿ. "ನೀರು ಎಲ್ಲಿ ಸಿಕ್ಕಿಬಿದ್ದಿದೆ, ಯಾರಿಗೆ ಗೊತ್ತು?" ಎಂದು ಕೇಳಿದರು. ಯಾರೋ ಮಾನವ್ವನ ಹೆಸರು ಹೇಳಿದರು. ಇಷ್ಟು ತಿಂಗಳಲ್ಲಿ ಮೊದಲ ಸಲ ಅದನ್ನು 'ನೀರ ಬಿಡೋ ಮಾನವ್ವ' ಎಂದೇ ಹೇಳಿದರು.

ಊರೆಲ್ಲ ಪಂಚಾಯ್ತಿ ಮುಂದೆ ಕೂಡಿತು. ಮಾನವ್ವ ಬಂದಳು, ಸಿದ್ದರಾಮೇಶನ ಮುಖ ನೋಡುತ್ತ ನಿಂತಳು. ಅವನು ಅತ್ತ ಇತ್ತ ನೋಡಿ, ಬೆವರು ಒರೆಸಿಕೊಂಡು ಗಡಗಡ ಹೇಳಿದ: "ಅವತ್ತ ಸಭಾದಾಗ ನಾ ತಪ್ಪ ಮಾತಾಡಿದ್ದೆ. ಮಾನವ್ವಾರು ನೀರ ಕದ್ದಿಲ್ಲ."

ಕೆಲಸ ಆಗಬೇಕಿತ್ತು, ಹೇಳಿದ. ಮಾನವ್ವನಿಗೆ ಅದು ಉಪ್ಪಿಲ್ಲದ ಅಂಬಲಿ ಕುಡಿದಂತಾಯಿತು. ಆದರೂ ಮಾತು ಮಾತೇ. ಮಾಲತೇಶನ ಕೈಯಿಂದ ಚಾವಿ ತೆಗೆದುಕೊಂಡು ಅದರ ತುದಿಯಿಂದ ಕರಿಕಲ್ಲಿನ ಫಲಕದ ಬುಡ ಕುಟ್ಟಿದಳು.

"ಇದರ ಕೆಳಗ ಐತ್ರಿ ದೊಡ್ಡ ವಾಲ್."

ಜನರಲ್ಲಿ ಯಾರೋ ಕಿಸಕ್ಕೆಂದರು. ಸಿದ್ದರಾಮೇಶ ಬೇರೆ ಉಪಾಯ ಕೇಳಿದ, ಅಧಿಕಾರಿ ಒಡೆಯಿರಿ ಎಂದರು. ಆಳುಗಳು ಹಾರೆ ಹಾಕಿ ಮೀಟಿದರು. ಫಲಕ ಎರಡು ತುಂಡಾಗಿ ಬಿತ್ತು, ಬಂಗಾರದ ಸಾಲು ಮಣ್ಣಿಗೆ ಮುಖ ಮಾಡಿ ಬಿತ್ತು. ಪರಸಿ ಸರಿಸಿದರೆ ತುಕ್ಕು ಹಿಡಿದ ಹಳೆಯ ಪೈಪು ಕಂಡಿತು. ಅದರ ಜೋಡಣೆಗೆ ಮಾನವ್ವನ ಗಂಡ ಸುತ್ತಿದ್ದ ಸೆಣಬಿನ ದಾರ ಇನ್ನೂ ಹಾಗೇ ಇತ್ತು.

"ಇದೇನ್ರಿ ನಿಮ್ಮ ಹೊಸ ಪೈಪು?" ಎಂದರು ಅಧಿಕಾರಿ. ಅವರು ಬಗ್ಗಿ ಫೋಟೋ ತೆಗೆದುಕೊಂಡರು. ಫೋಟೋ ಎಂದರೆ ಏನೆಂದು ಈಗ ಸಿದ್ದರಾಮೇಶನಿಗೆ ತಿಳಿಯಲಿ ಎಂದುಕೊಂಡಳು ಮಾನವ್ವ. ಅವಳಿಗೆ ನಗು ಬಂತು, ತಡೆದುಕೊಳ್ಳದೆ ನಕ್ಕಳು.

ದೊಡ್ಡ ವಾಲ್ವು ತಿರುವಿದ ಮೇಲೆ ಕೆಳಗಿನ ಓಣಿಗಳಲ್ಲಿ ನೀರು ಧಾರೆಯಾಗಿ ಬಂತು. ಮೇಲಿನ ಓಣಿಯಲ್ಲಿ ಮತ್ತೆ ಗಾಳಿಯೇ.

"ಮೇಲಿನ ಓಣಿಯದು ಎಲ್ಲಿದೆಯಮ್ಮಾ?" ಎಂದರು ಅಧಿಕಾರಿ.

"ಅದನ್ನ ನಾ ಹೇಳಂಗಿಲ್ರಿ. ಈ ಸಾಹೇಬ್ರ ಫೋನಿನ್ಯಾಗ ಒಂದ ಫೋಟೋ ಐತಿ. ಅದರಾಗ ಪರಸಿ ಹಿಡದ ಒಂದ ಕೈ ಐತಿ. ಆ ಕೈಯಾಕಿನ್ನ ಕೇಳ್ರಿ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಮಾಲತೇಶ ಕಂಪನಿಯ ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತಿದ್ದ. ಗುಂಪಿನ ಅಂಚಿನಲ್ಲಿದ್ದ ಗಾಳೆವ್ವ ಮಗನನ್ನು ನೋಡಿದಳು, ಮಾನವ್ವನನ್ನು ನೋಡಿದಳು. ಮಾನವ್ವ ಕಣ್ಣು ತೆಗೆಯಲಿಲ್ಲ. ಹೇಳದೆ ಹೋದರೆ ಊರು ಒಣಗಲಿ, ನಾನೂ ಒಣಗುತ್ತೇನೆ ಎಂದು ನಿಂತಿದ್ದಳು.

ಗಾಳೆವ್ವ ತಿರುಗಿ ಓಣಿ ಹತ್ತತೊಡಗಿದಳು. ಜನ ಹಿಂದೆ ನಡೆದರು. ತನ್ನ ಮನೆಯ ಮುಂದೆ ನಿಂತು ಅವಳು ಕುಕ್ಕರಿಸಿ ಕುಳಿತಳು, ತಳದ ಪಾವಟಿಗೆಯ ಮೇಲೆ ಬರಿಗೈ ಇಟ್ಟಳು.

"ಇದರ ಕೆಳಗ ಐತ್ರಿ. ಅವತ್ತ ನಮ್ಮ ಮನೆಯವರು ತೀರಿದ್ರು. ಮೈ ತೊಳಸಾಕ ನೀರಿರಲಿಲ್ಲ. ನನ್ನ ಮಗ ಹೋಗಿ ಕರದ, ಈಕಿ ಬಂದು ವಾಲ್ ತಗದ್ಲು. ಆ ಕೈ ನಂದ. ಸಭಾದಾಗ ಹೇಳಬೇಕಾಗಿತ್ತು, ಮಗನ ನೌಕರಿ ಹೋಗತೈತಿ ಅಂತ ಬಾಯಿ ಮುಚ್ಕೊಂಡೆ. ಈಕಿ ಕಳ್ಳಿ ಅಲ್ಲ. ಕಳ್ಳಿ ನಾನ."

ಈ ಮಾತು ಕೇಳಿದ ಮೇಲೆ ಕನಿಕರ ಬಂದೀತು ಎಂದು ಮಾನವ್ವ ಕಾದಳು. ಬರಲಿಲ್ಲ. ಬಂದದ್ದು ಹೊಟ್ಟೆ ತುಂಬಿದ ತೃಪ್ತಿ ಒಂದೇ. ಹಾರೆಯನ್ನು ಆಳಿನ ಕೈಯಿಂದ ತೆಗೆದು ಮಾಲತೇಶನ ಮುಂದೆ ಹಿಡಿದಳು. ಅವನು ತನ್ನ ಪಾವಟಿಗೆಯನ್ನು ತಾನೇ ಒಡೆದ. ಮಾನವ್ವ ಚಾವಿ ಇಳಿಸಿ ಹನ್ನೆರಡು ಸುತ್ತು ತಿರುವಿದಳು, ತುದಿಗೆ ಕಿವಿ ಹಚ್ಚಿದಳು. ಒಳಗೆ ನೀರು ಓಡುತ್ತಿತ್ತು.

ಗಾಳೆವ್ವನ ಅಂಗಳದ ನಳ ಕೆಮ್ಮಿತು, ಕೆಂಪು ನೀರು ಉಗುಳಿತು, ಆಮೇಲೆ ತಿಳಿಯಾಯಿತು. ಅವಳು ಒಳಗಿನಿಂದ ಹಿತ್ತಾಳೆಯ ತಂಬಿಗೆ ತಂದು, ತೊಳೆದು, ತುಂಬಿ, ಎರಡೂ ಕೈಯಲ್ಲಿ ಹಿಡಿದು ಮಾನವ್ವನ ಮುಂದೆ ಬಂದು ನಿಂತಳು. ಮನೆಯ ಮುಂದೆ ನಿಂತವರಿಗೆ ನೀರು ಕೊಡುವುದು, ಕೊಟ್ಟದ್ದನ್ನು ಕುಡಿಯುವುದು, ಅದನ್ನು ಆ ಊರಲ್ಲಿ ಹಗೆಯವರೂ ತಪ್ಪಿಸುವುದಿಲ್ಲ. ಮಾನವ್ವನ ಗಂಟಲು ಒಣಗಿತ್ತು. ತಂಬಿಗೆಯನ್ನು ನೋಡಿದಳು, ಅದನ್ನು ಹಿಡಿದ ಬಳೆಯಿಲ್ಲದ ಕೈಗಳನ್ನು ನೋಡಿದಳು.

"ಬ್ಯಾಡ ತಗಿ," ಎಂದಳು. "ನಮ್ಮ ನಳಕ್ಕೂ ಈಗ ನೀರ ಬಂದಿರತಾವ."

ಚಾವಿಯನ್ನು ಹೆಗಲಿಗೆ ಏರಿಸಿಕೊಂಡು ಅವಳು ಓಣಿಯ ತುದಿಯ ತನ್ನ ಮನೆಯತ್ತ ನಡೆದಳು. ಗಾಳೆವ್ವ ತುಂಬಿದ ತಂಬಿಗೆ ಹಿಡಿದುಕೊಂಡು ಒಡೆದ ಪಾವಟಿಗೆಯ ಹತ್ತಿರವೇ ನಿಂತಿದ್ದಳು.